ಧ್ರುವೀಕರಣ ಪ್ರಮಾಣ 1 ದಾಟಿದರೆ ತಪ್ಪು ಎಲ್ಲಿ ಅಡಗಿದೆ?

ಪ್ರಶ್ನೆ: ನಮ್ಮ ಕಾಲೇಜಿನ ಎಂ.ಎಸ್ಸಿ. ಲ್ಯಾಬಿನಲ್ಲಿ ಒಂದು ಸ್ಟೋಕ್ಸ್ ಪೋಲಾರಿಮೀಟರ್ (ಬೆಳಕಿನ ಧ್ರುವೀಕರಣವನ್ನು ನಾಲ್ಕು ಸಂಖ್ಯೆಗಳಲ್ಲಿ ಅಳೆಯುವ ಉಪಕರಣ) ಜೋಡಿಸಿದ್ದೇವೆ. 632.8 ನ್ಯಾನೊಮೀಟರಿನ ಹೀಲಿಯಂ-ನಿಯಾನ್ ಲೇಸರ್, ಸ್ಟೆಪರ್ ಮೋಟಾರಿನ ಮೇಲೆ ತಿರುಗುವ ಸುಮಾರು 1 ಮಿ.ಮೀ. ದಪ್ಪದ ಕ್ವಾರ್ಟ್ಜ್ ಕ್ವಾರ್ಟರ್ ವೇವ್ ಪ್ಲೇಟ್ (ಪರಸ್ಪರ ಲಂಬವಾದ ಎರಡು ಧ್ರುವೀಕರಣಗಳಲ್ಲಿ ಒಂದನ್ನು ಕಾಲು ತರಂಗ ಹಿಂದಿಡುವ ಹಲ್ಲೆ), ಅದರಾಚೆ ಕದಲದ ಅನಲೈಸರ್ (ಎರಡನೆಯ ಪೋಲರೈಸರ್), ಕೊನೆಗೆ ಸಿಲಿಕಾನ್ ಫೋಟೊಡಯೋಡ್. ಎದುರಿಗೆ ಒಂದು ಒಳ್ಳೆಯ ಪೋಲರೈಸರ್ ಇಟ್ಟು ಪರೀಕ್ಷಿಸಿದರೆ ಧ್ರುವೀಕರಣ ಪ್ರಮಾಣ (ಬೆಳಕಿನಲ್ಲಿ ಧ್ರುವೀಕರಿಸಿದ ಪಾಲು) ಪೋಲರೈಸರಿನ ಎಲ್ಲ ಕೋನದಲ್ಲೂ 1 ಬರಬೇಕಲ್ಲವೇ? ಬೆಳಿಗ್ಗೆ ಬಂದದ್ದು ಹೀಗೆ: 0° ಯಲ್ಲಿ 1.07, 45° ಯಲ್ಲಿ 1.01, 90° ಯಲ್ಲಿ 1.00, 135° ಯಲ್ಲಿ 1.06. ಮಧ್ಯಾಹ್ನ 0° ಯದ್ದೇ 0.97ಕ್ಕೆ ಇಳಿಯಿತು. ಅಳೆದ ಧ್ರುವೀಕರಣದ ಕೋನವಂತೂ ಯಾವಾಗಲೂ 1.5° ಹೆಚ್ಚಾಗಿ ಬರುತ್ತದೆ. ಪ್ಲೇಟ್ ಕೆಟ್ಟಿದೆಯೇ? ಹೊಸದು ಕೊಳ್ಳಬೇಕೇ?

ಉತ್ತರ: ಪ್ಲೇಟ್ ಕೆಟ್ಟಿಲ್ಲ. ನಾಲ್ಕೂ ಕೋನದಲ್ಲಿ ಅಳೆದು ಬರೆದಿಟ್ಟದ್ದು ಒಳ್ಳೆಯದಾಯಿತು, ಏಕೆಂದರೆ ಆ ನಾಲ್ಕು ಅಂಕಿಗಳಲ್ಲೇ ಉತ್ತರವಿದೆ. ನಿಮ್ಮ ಪ್ಲೇಟಿನ ರಿಟಾರ್ಡೆನ್ಸ್ (ಅದು ಹುಟ್ಟಿಸುವ ಹಿನ್ನಡೆ; ಕಾಲು ತರಂಗ ಎಂದರೆ 90°) ಬೆಳಿಗ್ಗೆ ಸುಮಾರು 92°, ಮಧ್ಯಾಹ್ನ ಸುಮಾರು 89°. ಅದರ ಸೊನ್ನೆ ಗುರುತು ಅನಲೈಸರಿನ ಅಕ್ಷದಿಂದ ಸುಮಾರು 0.75° ಜಾರಿದೆ. ಡಿಟೆಕ್ಟರಿನ ಕಡೆ ದೊಡ್ಡ ತೊಂದರೆ ಇದ್ದಂತಿಲ್ಲ. ಇದನ್ನು ಹೇಗೆ ಓದುವುದು, ಹೇಗೆ ಸರಿಪಡಿಸುವುದು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಈ ಉಪಕರಣದಲ್ಲಿ ಪ್ರತಿಯೊಂದು ದೋಷಕ್ಕೂ ಬೇರೆಬೇರೆ ಗುರುತು ಇರುತ್ತದೆ. ಗುರುತು ಹಿಡಿಯುವ ಮೊದಲೇ ಭಾಗಗಳನ್ನು ಬದಲಿಸತೊಡಗಿದರೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಮೊದಲು ಒಂದು ಸೂಚನೆ. ಪ್ರಮಾಣ 1 ದಾಟಿದಾಗ ಅದನ್ನು 1ಕ್ಕೆ ಕತ್ತರಿಸುವ ಸಾಲು ನಿಮ್ಮ ಪ್ರೋಗ್ರಾಮಿನಲ್ಲಿದ್ದರೆ ತೆಗೆದುಬಿಡಿ. 1.07 ಎಂಬುದು ಭೌತಿಕವಾಗಿ ಅಸಾಧ್ಯವಾದ ಸಂಖ್ಯೆ, ಆದ್ದರಿಂದಲೇ ಅದು ಉಪಕರಣದ ದೋಷವನ್ನು ನೇರವಾಗಿ ತೋರಿಸುತ್ತದೆ. ಅದನ್ನು ಮುಚ್ಚಿದರೆ ದೋಷ ಹುಡುಕುವ ದಾರಿಯೇ ಮುಚ್ಚುತ್ತದೆ.

ಸಂಕೇತದಲ್ಲಿ ಏನಿರುತ್ತದೆ

ಪ್ಲೇಟಿನ ಕೋನವನ್ನು ಥೀಟಾ ಎನ್ನೋಣ. ಅನಲೈಸರಿನ ಅಕ್ಷವೇ 0°. ಆಗ ಡಿಟೆಕ್ಟರಿಗೆ ಬೀಳುವ ಬೆಳಕು ಹೀಗಿರುತ್ತದೆ:

ತೀವ್ರತೆ = ½ [ ಎ + ಬಿ × ಸೈನ್ 2ಥೀಟಾ + ಸಿ × ಕಾಸ್ 4ಥೀಟಾ + ಡಿ × ಸೈನ್ 4ಥೀಟಾ ]

ನಮಗೆ ಬೇಕಾದದ್ದು ನಾಲ್ಕು ಸ್ಟೋಕ್ಸ್ ಸಂಖ್ಯೆಗಳು: ಎಸ್0 ಒಟ್ಟು ತೀವ್ರತೆ, ಎಸ್1 ಮತ್ತು ಎಸ್2 ರೇಖೀಯ ಧ್ರುವೀಕರಣದವು, ಎಸ್3 ವೃತ್ತಾಕಾರದ್ದು. ಎಸ್1, ಎಸ್2, ಎಸ್3ರ ವರ್ಗಗಳ ಮೊತ್ತದ ವರ್ಗಮೂಲವನ್ನು ಎಸ್0ರಿಂದ ಭಾಗಿಸಿದರೆ ಧ್ರುವೀಕರಣ ಪ್ರಮಾಣ. ಪ್ಲೇಟ್ ಕರಾರುವಾಕ್ಕಾಗಿ 90° ರಿಟಾರ್ಡೆನ್ಸಿನದಾಗಿದ್ದರೆ ಎಸ್0 = ಎ − ಸಿ, ಎಸ್1 = 2ಸಿ, ಎಸ್2 = 2ಡಿ, ಎಸ್3 = ಬಿ (ಎಸ್3ರ ಚಿಹ್ನೆ ನೀವು ಎಡ-ಬಲವನ್ನು ಹೇಗೆ ಹೆಸರಿಸುತ್ತೀರಿ ಎಂಬುದರ ಮೇಲೆ ನಿಂತಿದೆ). ಬಹುತೇಕ ಲ್ಯಾಬ್ ಕೈಪಿಡಿಗಳು ಇಲ್ಲಿಗೇ ನಿಲ್ಲುತ್ತವೆ, ಎಡವುವುದೂ ಇಲ್ಲೇ. ರಿಟಾರ್ಡೆನ್ಸ್ 90° ಅಲ್ಲದೆ ಬೇರೆ ಏನೋ ಆಗಿದ್ದರೆ, ಅದನ್ನು ಡೆಲ್ಟಾ ಎಂದು ಕರೆದರೆ, ಸರಿಯಾದ ಸೂತ್ರಗಳು ಇವು:

ಎಸ್1 = 2ಸಿ ÷ (1 − ಕಾಸ್ ಡೆಲ್ಟಾ)
ಎಸ್2 = 2ಡಿ ÷ (1 − ಕಾಸ್ ಡೆಲ್ಟಾ)
ಎಸ್3 = ಬಿ ÷ ಸೈನ್ ಡೆಲ್ಟಾ
ಎಸ್0 = ಎ − ಸಿ × (1 + ಕಾಸ್ ಡೆಲ್ಟಾ) ÷ (1 − ಕಾಸ್ ಡೆಲ್ಟಾ)

ಈಗ ಪ್ಲೇಟ್ ನಿಜವಾಗಿ 92° ಇದ್ದು, ನೀವು 90° ಎಂದೇ ಲೆಕ್ಕ ಹಾಕಿದ್ದೀರಿ ಎಂದುಕೊಳ್ಳಿ. ಸೈನ್ 2° ಎಂದರೆ 0.035. ಒಳಬರುವ ಬೆಳಕು 0° ಯಲ್ಲಿ, ಅಂದರೆ ಅನಲೈಸರಿಗೆ ಸಮಾಂತರವಾಗಿದ್ದರೆ, ಎಸ್1 ಇರಬೇಕಾದ್ದಕ್ಕಿಂತ 3.5% ಹೆಚ್ಚು ಬರುತ್ತದೆ, ಎಸ್0 ಅಷ್ಟೇ ಕಡಿಮೆ ಬರುತ್ತದೆ. 1.035ನ್ನು 0.965ರಿಂದ ಭಾಗಿಸಿದರೆ 1.07. ಬೆಳಕು 90° ಯಲ್ಲಿದ್ದರೆ ಎರಡೂ ಒಟ್ಟಿಗೆ 3.5% ಏರುತ್ತವೆ, ಭಾಗಾಕಾರ 1.00. 45° ಮತ್ತು 135° ಯಲ್ಲಿ ಎಸ್0 ಸರಿಯಿದ್ದು ಎಸ್2 ಮಾತ್ರ ಏರುವುದರಿಂದ ಎರಡೂ ಕಡೆ 1.035 ಬರಬೇಕು. ವೃತ್ತಾಕಾರದ ಧ್ರುವೀಕರಣದಲ್ಲಿ ಈ ದೋಷ ಕಾಣಿಸುವುದೇ ಇಲ್ಲ; ಸೈನ್ 92° ಎಂದರೆ 0.9994. ಹಾಗಾಗಿ ವೃತ್ತಾಕಾರದ ಬೆಳಕೊಂದರಿಂದಲೇ ಉಪಕರಣವನ್ನು ಪರೀಕ್ಷಿಸಿ ಸರಿಯಿದೆ ಎಂದುಕೊಂಡವರು ಮೋಸಹೋಗುತ್ತಾರೆ.

ನಿಮಗೆ 45° ಮತ್ತು 135° ಯಲ್ಲಿ ಬಂದದ್ದು 1.035 ಅಲ್ಲ, 1.01 ಮತ್ತು 1.06. ಆದರೆ ಎರಡರ ಸರಾಸರಿ ನೋಡಿ: 1.035. ಸರಾಸರಿ ರಿಟಾರ್ಡೆನ್ಸಿನ ಕಥೆ ಹೇಳುತ್ತದೆ, ವ್ಯತ್ಯಾಸ ಸೊನ್ನೆ ಗುರುತಿನದು. ಪ್ಲೇಟಿನ ಸೊನ್ನೆ 0.75° ಜಾರಿದ್ದರೆ 4ಥೀಟಾ ಪದ 3° ಸರಿಯುತ್ತದೆ. ಸೊನ್ನೆಯಾಗಬೇಕಿದ್ದ ಸಿ ಆಗ ಸೊನ್ನೆಯಾಗದೆ 0.027ರಷ್ಟು ಉಳಿಯುತ್ತದೆ, 45° ಯಲ್ಲಿ ಋಣವಾಗಿ, 135° ಯಲ್ಲಿ ಧನವಾಗಿ. ಎಸ್0 ಎಂದರೆ ಎ − ಸಿ ಆದ್ದರಿಂದ ಒಂದು ಕಡೆ ಛೇದ ದೊಡ್ಡದಾಗುತ್ತದೆ, ಇನ್ನೊಂದು ಕಡೆ ಚಿಕ್ಕದಾಗುತ್ತದೆ. ಇದೇ ಜಾರುವಿಕೆ ಧ್ರುವೀಕರಣದ ಕೋನದಲ್ಲಿ ಎರಡು ಪಟ್ಟಾಗಿ, 1.5° ಆಗಿ ಕಾಣುತ್ತದೆ. ನಿಮ್ಮ ಎರಡು ದೂರುಗಳು ಇಲ್ಲಿ ಒಂದೇ ಕಾರಣಕ್ಕೆ ಬಂದು ಸೇರಿದವು. ಎದುರಿನ ಪೋಲರೈಸರಿನ ಅಳತೆಪಟ್ಟಿ ಮಾತ್ರ 1.5° ತಪ್ಪಿದ್ದರೆ ಕೋನ ತಪ್ಪು ಬರುತ್ತಿತ್ತು, ಆದರೆ 45° ಮತ್ತು 135° ಹೀಗೆ ಬೇರೆಯಾಗುತ್ತಿರಲಿಲ್ಲ.

ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಏಕೆ ವ್ಯತ್ಯಾಸ

632.8 ನ್ಯಾನೊಮೀಟರಿನಲ್ಲಿ ಕ್ವಾರ್ಟ್ಜಿನ ಎರಡು ವಕ್ರೀಭವನ ಸೂಚ್ಯಂಕಗಳ ಅಂತರ ಸುಮಾರು 0.009. ಕಾಲು ತರಂಗದಷ್ಟೇ ಹಿನ್ನಡೆ ಬೇಕಾದರೆ ಸುಮಾರು 17.5 ಮೈಕ್ರಾನ್ ದಪ್ಪ ಸಾಕು. ಅಷ್ಟು ತೆಳ್ಳಗಿನ ಹಾಳೆಯನ್ನು ಕೈಯಲ್ಲಿ ಹಿಡಿಯುವುದು ಕಷ್ಟ. ಅದಕ್ಕೇ 1 ಮಿ.ಮೀ. ದಪ್ಪಕ್ಕೆ ಕೊರೆದು, 14 ಪೂರ್ಣ ತರಂಗಗಳ ಮೇಲೆ ಕಾಲು ತರಂಗ ಉಳಿಯುವಂತೆ ಮಾಡುತ್ತಾರೆ. ಇದು ಮಲ್ಟಿ-ಆರ್ಡರ್ ಪ್ಲೇಟ್. ನಿಮ್ಮಲ್ಲಿರುವುದು ಇದೇ.

ಅಳತೆಗೆ ಬೇಕಾದದ್ದು ಕೊನೆಯ ಕಾಲು ತರಂಗ ಮಾತ್ರ, ಆದರೆ ಉಷ್ಣತೆ ಬದಲಾದಾಗ ಹದಿನಾಲ್ಕೂ ತರಂಗಗಳು ಬದಲಾಗುತ್ತವೆ. ಕ್ವಾರ್ಟ್ಜಿನ ರಿಟಾರ್ಡೆನ್ಸ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಒಟ್ಟು ಸುಮಾರು 5,100° ಹಿನ್ನಡೆಯಲ್ಲಿ ಹತ್ತು ಸಾವಿರದ ಒಂದು ಭಾಗ ಎಂದರೆ ಅರ್ಧ ಡಿಗ್ರಿ. ಬೆಳಿಗ್ಗೆ 22 ಇದ್ದ ಕೋಣೆ ಮಧ್ಯಾಹ್ನ 28 ಡಿಗ್ರಿ ಸೆಲ್ಸಿಯಸ್ ಆದರೆ ರಿಟಾರ್ಡೆನ್ಸ್ 3° ಇಳಿಯುತ್ತದೆ: 92° ಇದ್ದದ್ದು 89°. ಆ 89° ಯನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ, 0° ಯಲ್ಲಿ 0.97 ಬರುತ್ತದೆ. ನಿಮಗೆ ಬಂದದ್ದೂ ಅದೇ. ಪ್ಲೇಟಿನ ಹೋಲ್ಡರಿಗೆ ಒಂದು ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಅಂಟಿಸಿ, ದಿನವಿಡೀ ಅರ್ಧ ಗಂಟೆಗೊಮ್ಮೆ ಉಷ್ಣತೆಯನ್ನೂ 0° ಯ ಪ್ರಮಾಣವನ್ನೂ ಬರೆದಿಟ್ಟರೆ ಇದು ಖಚಿತವಾಗುತ್ತದೆ. ಸ್ಟೆಪರ್ ಮೋಟಾರೂ ಬಿಸಿಯಾಗುತ್ತದೆ ಎಂಬುದನ್ನು ಮರೆಯಬೇಡಿ. ನಿಂತಿರುವಾಗಲೂ ಅದರ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಆ ಬಿಸಿ ನೇರವಾಗಿ ಪ್ಲೇಟಿಗೆ ತಾಗುತ್ತದೆ. ನಿಂತಾಗಿನ ವಿದ್ಯುತ್ತನ್ನು ಡ್ರೈವರಿನಲ್ಲಿ ತಗ್ಗಿಸಿ.

ಡಯೋಡ್ ಲೇಸರ್ ಬಳಸುವವರಿಗೆ ಇನ್ನೊಂದು ಕಷ್ಟ. ಮಲ್ಟಿ-ಆರ್ಡರ್ ಪ್ಲೇಟಿನಲ್ಲಿ ತರಂಗಾಂತರ 1 ನ್ಯಾನೊಮೀಟರ್ ಬದಲಾದರೆ ರಿಟಾರ್ಡೆನ್ಸ್ ಸುಮಾರು 8° ಬದಲಾಗುತ್ತದೆ, ಮತ್ತು ಕೆಂಪು ಡಯೋಡುಗಳ ತರಂಗಾಂತರ ಉಷ್ಣತೆಯೊಡನೆ ಸರಿಯುತ್ತಲೇ ಇರುತ್ತದೆ. ನಿಮ್ಮದು ಹೀಲಿಯಂ-ನಿಯಾನ್ ಆದ್ದರಿಂದ ಈ ಚಿಂತೆ ಇಲ್ಲ.

ಸರಿಪಡಿಸುವ ಕ್ರಮ

ಇಲ್ಲಿ ಕ್ರಮ ಮುಖ್ಯ. ಡಾರ್ಕ್ ರೀಡಿಂಗ್ (ಲೇಸರ್ ಬೆಳಕಿಲ್ಲದಾಗಲೂ ಬರುವ ಸಂಕೇತ) ಸರಿಯಿಲ್ಲದೆ ರಿಟಾರ್ಡೆನ್ಸ್ ಅಳೆದರೆ ಡಾರ್ಕಿನ ತಪ್ಪೆಲ್ಲ ರಿಟಾರ್ಡೆನ್ಸಿನ ಹೆಸರಿನಲ್ಲಿ ಸೇರಿಕೊಳ್ಳುತ್ತದೆ.

ಮೊದಲು ಡಿಟೆಕ್ಟರ್. ಲೇಸರ್ ಕಿರಣವನ್ನು ಅದರ ಬಾಯಲ್ಲೇ ಅಡ್ಡಗಟ್ಟಿ, ಕೋಣೆಯ ದೀಪ, ಮಾನಿಟರ್ ಎಲ್ಲವೂ ಅಳತೆಯ ಹೊತ್ತಿನಲ್ಲಿ ಹೇಗಿರುತ್ತವೋ ಹಾಗೇ ಇಟ್ಟು ಡಾರ್ಕ್ ರೀಡಿಂಗ್ ತೆಗೆಯಿರಿ. ಪ್ರತಿ ಸುತ್ತಿನ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ. ಗರಿಷ್ಠ ಸಂಕೇತದ 1% ದಷ್ಟು ಡಾರ್ಕನ್ನು ಕಳೆಯದೆ ಬಿಟ್ಟರೆ ಧ್ರುವೀಕರಣ ಪ್ರಮಾಣ ಸುಮಾರು 2% ಕುಸಿಯುತ್ತದೆ, ಅದೂ ಎಲ್ಲ ಕೋನದಲ್ಲೂ ಒಂದೇ ಸಮನಾಗಿ. ಎಲ್ಲ ಕಡೆ ಸಮನಾದ ಕುಸಿತ ಕಂಡರೆ ಮೊದಲ ಅನುಮಾನ ಡಾರ್ಕಿನ ಮೇಲೇ ಇರಲಿ. ಅಗತ್ಯಕ್ಕಿಂತ ಹೆಚ್ಚು ಕಳೆದರೆ ಎಲ್ಲ ಕಡೆ 1 ದಾಟುತ್ತದೆ.

ನಮ್ಮ ದೇಶದ ವಿದ್ಯುತ್ತು 50 ಹರ್ಟ್ಜಿನದು, ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಪ್ರತಿ ಕೋನದಲ್ಲೂ ಸರಾಸರಿ ತೆಗೆಯುವ ಅವಧಿಯನ್ನು 20 ಮಿಲಿಸೆಕೆಂಡಿನ ಗುಣಕವಾಗಿ, ಉದಾಹರಣೆಗೆ 100 ಮಿಲಿಸೆಕೆಂಡ್ ಇಟ್ಟುಕೊಂಡರೆ ಈ ಮಿಣುಕು ತಾನಾಗಿ ಅಳಿಸಿಹೋಗುತ್ತದೆ. ಅನಲೈಸರಿನ ನಂತರ 632.8ಕ್ಕೆ ಹೊಂದುವ ಒಂದು ಬ್ಯಾಂಡ್‌ಪಾಸ್ ಫಿಲ್ಟರ್, ಒಳಗೆ ಕಪ್ಪು ಬಳಿದ ಒಂದು ಕೊಳವೆ ಇದ್ದರೆ ಇನ್ನೂ ಒಳ್ಳೆಯದು. ಅನಲೈಸರ್ ದಾಟಿದ ಬೆಳಕಿನ ಧ್ರುವೀಕರಣ ಪ್ಲೇಟ್ ಹೇಗೆ ತಿರುಗಿದರೂ ಒಂದೇ ಇರುತ್ತದೆ. ಆದ್ದರಿಂದ ಅಲ್ಲಿಂದ ಮುಂದೆ ಏನು ಇಟ್ಟರೂ ಅಳತೆ ಕೆಡುವುದಿಲ್ಲ. ಅನಲೈಸರನ್ನು ತಿರುಗಿಸದೆ ಪ್ಲೇಟನ್ನೇ ತಿರುಗಿಸುವುದರ ದೊಡ್ಡ ಲಾಭ ಇದು.

ಅಂಕೀಕರಣದ ಬಗ್ಗೆ ಒಂದು ಮಾತು. ಕಾಲೇಜುಗಳಲ್ಲಿ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ 10 ಬಿಟ್ ಇನ್‌ಪುಟ್ಟನ್ನೇ ಬಳಸುವುದು ವಾಡಿಕೆ. 5 ವೋಲ್ಟಿಗೆ 1,024 ಮೆಟ್ಟಿಲು ಎಂದರೆ ಒಂದು ಮೆಟ್ಟಿಲು ಸುಮಾರು 5 ಮಿಲಿವೋಲ್ಟ್. 4 ವೋಲ್ಟ್ ಸಂಕೇತದಲ್ಲಿ 0.1% ಎಂದರೆ 4 ಮಿಲಿವೋಲ್ಟ್. ಇದು ಸಾಲದು. ಎಡಿಎಸ್1115 ಥರದ 16 ಬಿಟ್ಟಿನ ಚಿಪ್ ಹಾಕಿಕೊಳ್ಳಿ. ಈ ಉಪಕರಣದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಬದಲಾವಣೆ ಇನ್ನೊಂದಿಲ್ಲ. 1 ಮಿಲಿವ್ಯಾಟ್ ಬೆಳಕಿಗೆ ಸಿಲಿಕಾನ್ ಡಯೋಡ್ ಸುಮಾರು 0.4 ಮಿಲಿಆಂಪಿಯರ್ ಕೊಡುತ್ತದೆ, 10 ಕಿಲೋಓಮಿನ ಆಂಪ್ಲಿಫೈಯರಿನಲ್ಲಿ ಅದು 4 ವೋಲ್ಟ್ ಆಗುತ್ತದೆ. ಗರಿಷ್ಠ ಸಂಕೇತ ಆಂಪ್ಲಿಫೈಯರಿನ ಮಿತಿಯ 80% ಮೀರದಂತೆ ನೋಡಿಕೊಳ್ಳಿ, ಸುತ್ತಿನ ನಡುವೆ ಗೇನ್ ಬದಲಿಸಬೇಡಿ.

ಎರಡನೆಯದು ಅನಲೈಸರಿನ ಅಕ್ಷ. ಅದು ಮೇಜಿಗೆ ಹೋಲಿಸಿದರೆ ಎಲ್ಲಿದೆ ಎಂಬುದು ಅದರ ಉಂಗುರದ ಮೇಲಿನ ಗೆರೆಯಿಂದ ತಿಳಿಯುವುದಿಲ್ಲ. ಗೆರೆಗೂ ಅಕ್ಷಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಇದಕ್ಕೊಂದು ಚಂದದ ಉಪಾಯವಿದೆ. ಪ್ಲೇಟ್ ತೆಗೆದಿಡಿ. ಎದುರಿನ ಪೋಲರೈಸರನ್ನು ತಿರುಗಿಸಿ ಬೆಳಕು ಪೂರ್ತಿ ಕತ್ತಲಾಗುವ ಕೋನ ಬರೆದುಕೊಳ್ಳಿ. ಈಗ ಅನಲೈಸರನ್ನು ಉಂಗುರ ಸಮೇತ ಹಿಂದುಮುಂದಾಗಿ, ಅಂದರೆ ಲಂಬ ಅಕ್ಷದ ಸುತ್ತ 180° ತಿರುವಿ ಇಡಿ, ಮತ್ತೆ ಕತ್ತಲಿನ ಕೋನ ಹುಡುಕಿ. ಅನಲೈಸರಿನ ಅಕ್ಷ ಅಡ್ಡ ಗೆರೆಯಿಂದ ಎಷ್ಟು ಓರೆಯಾಗಿದೆಯೋ ಅದರ ಎರಡರಷ್ಟು ವ್ಯತ್ಯಾಸ ಬರುತ್ತದೆ. ಅದರ ಅರ್ಧದಷ್ಟು ತಿರುಗಿಸಿದರೆ ಅನಲೈಸರ್ ಸರಿಯಾಗಿ ಅಡ್ಡವಾಗುತ್ತದೆ.

ಕತ್ತಲಿನ ಕೋನ ಹುಡುಕುವಾಗ ಕನಿಷ್ಠ ಬಿಂದುವನ್ನೇ ನೋಡುತ್ತಾ ಕೂರಬೇಡಿ. ಅಲ್ಲಿ ರೇಖೆ ಚಪ್ಪಟೆಯಾಗಿರುತ್ತದೆ, ಅರ್ಧ ಡಿಗ್ರಿ ಆಚೀಚೆಯಾದರೂ ಗೊತ್ತಾಗುವುದಿಲ್ಲ. ಎರಡೂ ಬದಿಗೆ ಸುಮಾರು 10° ಸರಿದು, ತೀವ್ರತೆ ಸಮನಾಗಿರುವ ಎರಡು ಕೋನಗಳನ್ನು ಹಿಡಿದು ಅವುಗಳ ಮಧ್ಯಬಿಂದು ತೆಗೆದುಕೊಳ್ಳಿ. ರೇಖೆ ಕಡಿದಾಗಿರುವ ಕಡೆ ಅಳೆದರೆ 0.05° ತನಕವೂ ನಿಖರತೆ ಸಿಗುತ್ತದೆ.

ಮೂರನೆಯದು ಪ್ಲೇಟಿನ ಸೊನ್ನೆ. ಪೋಲರೈಸರನ್ನು ಅನಲೈಸರಿಗೆ 90° ಯಲ್ಲಿ ಕತ್ತಲಾಗುವಂತೆ ನಿಲ್ಲಿಸಿ ಪ್ಲೇಟನ್ನು ನಡುವೆ ಇಡಿ. ಬೆಳಕು ಮತ್ತೆ ಬರುತ್ತದೆ. ಪ್ಲೇಟ್ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಕಡೆ ಕತ್ತಲಾಗುತ್ತದೆ. ನಾಲ್ಕನ್ನೂ ಮಧ್ಯಬಿಂದು ಉಪಾಯದಿಂದಲೇ ಹುಡುಕಿ. ಅವು ನಿಖರವಾಗಿ 90° ಅಂತರದಲ್ಲಿಲ್ಲದಿದ್ದರೆ ತಿರುಗುವ ಮೌಂಟ್ ಕೇಂದ್ರ ತಪ್ಪಿದೆ ಅಥವಾ ಓರೆಯಾಗಿದೆ ಎಂದರ್ಥ. ನಾಲ್ಕರ ಸರಾಸರಿಯೇ ಸೊನ್ನೆಯ ತಿದ್ದುಪಡಿ. ನಿಮಗದು 0.75° ಆಸುಪಾಸು ಬರಬೇಕು. ಅದನ್ನು ಪ್ರೋಗ್ರಾಮಿನಲ್ಲಿ ಕೋನದಿಂದ ಕಳೆಯಿರಿ, ತಿರುಪು ಬಿಚ್ಚಿ ಪ್ಲೇಟನ್ನು ಸರಿಸಲು ಹೋಗಬೇಡಿ. ಈ ಪರೀಕ್ಷೆ ವೇಗದ ಅಕ್ಷ ಯಾವುದು, ನಿಧಾನದ ಅಕ್ಷ ಯಾವುದು ಎಂದು ಹೇಳುವುದಿಲ್ಲ. ಎರಡು ಅದಲುಬದಲಾದರೆ ಎಸ್3ರ ಚಿಹ್ನೆ ಮಾತ್ರ ತಿರುಗುತ್ತದೆ, ಉಳಿದ ಮೂರೂ ಹಾಗೇ ಇರುತ್ತವೆ. ಹಾಗಾಗಿ ಎಡ-ಬಲ ತಿರುವುಮುರುವು ಬಂದರೆ ಗಾಬರಿಪಡದೆ ಸೊನ್ನೆಗೆ 90° ಸೇರಿಸಿ.

ನಾಲ್ಕನೆಯದು ರಿಟಾರ್ಡೆನ್ಸ್, ಇದರಲ್ಲೇ ನಿಮ್ಮ ಬಹುಪಾಲು ದೋಷ ಕರಗುತ್ತದೆ. ಇದಕ್ಕೆ ಬೇರೆ ಉಪಕರಣ ಬೇಡ. ಮೊದಲು ಎದುರಿನ ಪೋಲರೈಸರನ್ನು 90° ಯಲ್ಲಿಟ್ಟು ಒಂದು ಸುತ್ತು ಅಳೆಯಿರಿ. ಈ ಸ್ಥಿತಿಯಲ್ಲಿ ಸಿ ÷ ಎ ಎಂಬುದು ರಿಟಾರ್ಡೆನ್ಸ್ ಎಷ್ಟೇ ಇದ್ದರೂ −1 ಬರಬೇಕು. ಬರದಿದ್ದರೆ ಡಾರ್ಕ್ ತಪ್ಪಿದೆ ಅಥವಾ ಪೋಲರೈಸರುಗಳು ಸೋರುತ್ತಿವೆ. ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ. ಆಮೇಲೆ ಪೋಲರೈಸರನ್ನು 0° ಗೆ ತಿರುಗಿಸಿ ಇನ್ನೊಂದು ಸುತ್ತು. ಈಗ ಸಿ ÷ ಎ ಯನ್ನು ಆರ್ ಎಂದು ಕರೆದರೆ

ಕಾಸ್ ಡೆಲ್ಟಾ = (1 − 3ಆರ್) ÷ (1 + ಆರ್)

90° ಪ್ಲೇಟಿಗೆ ಆರ್ ಸರಿಯಾಗಿ ಮೂರನೇ ಒಂದು ಭಾಗ, 92° ಗೆ 0.349. ಆರ್‌ನಲ್ಲಿ 0.001 ತಪ್ಪಾದರೆ ಡೆಲ್ಟಾದಲ್ಲಿ 0.13° ತಪ್ಪಾಗುತ್ತದೆ, ಅಂದರೆ ಸಾಧಾರಣ ಡಿಟೆಕ್ಟರಿನಿಂದಲೂ ಸಾಕಷ್ಟು ನಿಖರತೆ ಸಿಗುತ್ತದೆ. ಬಂದ ಡೆಲ್ಟಾವನ್ನು ಮೇಲೆ ಕೊಟ್ಟ ನಾಲ್ಕು ಸೂತ್ರಗಳಿಗೆ ಹಾಕಿ. ಮಲ್ಟಿ-ಆರ್ಡರ್ ಪ್ಲೇಟ್ ಇರುವ ತನಕ ಪ್ರತಿ ಅಳತೆಯ ಮೊದಲು ಮತ್ತು ನಂತರ ಈ 0° ಸುತ್ತನ್ನು ಹಾಕಿ, ನಡುವಿನ ಅಳತೆಗೆ ಎರಡರ ಸರಾಸರಿ ಡೆಲ್ಟಾವನ್ನು ಬಳಸಿ. ಉಷ್ಣತೆಯ ಸಮಸ್ಯೆಗೆ ಖರ್ಚಿಲ್ಲದ ಪರಿಹಾರ ಇದೇ.

ಸುತ್ತು ಹೇಗಿರಬೇಕು

ಪ್ಲೇಟನ್ನು ನಾಲ್ಕೇ ಕೋನದಲ್ಲಿ ನಿಲ್ಲಿಸಿ ಅಳೆದರೂ ನಾಲ್ಕು ಸ್ಟೋಕ್ಸ್ ಸಂಖ್ಯೆಗಳು ಸಿಗುತ್ತವೆ, ಗಣಿತಕ್ಕೆ ಅಷ್ಟು ಸಾಕು. ಆದರೆ ಆಗ ಉಪಕರಣ ತಪ್ಪಿದ್ದರೂ ಗೊತ್ತಾಗುವುದಿಲ್ಲ. ಪೂರ್ತಿ 360° ಸುತ್ತಿ, 100 ಕೋನಗಳಲ್ಲಿ ಅಳೆಯಿರಿ. 100 ಏಕೆಂದರೆ ಸಾಮಾನ್ಯ ಸ್ಟೆಪರಿನ ಒಂದು ಹೆಜ್ಜೆ 1.8°, ಎರಡು ಹೆಜ್ಜೆಗೆ 3.6°, ನೂರು ಬಾರಿಗೆ ಒಂದು ಸುತ್ತು. 5° ಯಂಥ ದುಂಡು ಸಂಖ್ಯೆ ಇಟ್ಟರೆ ಹೆಜ್ಜೆಗಳು ಪೂರ್ಣವಾಗಿ ಭಾಗವಾಗದೆ ಕೋನದ ತಪ್ಪು ಸೇರುತ್ತದೆ. ಯಾವಾಗಲೂ ಒಂದೇ ದಿಕ್ಕಿನಲ್ಲಿ ತಿರುಗಿಸಿ. 0° ಯನ್ನು ಅಳೆದ ಮೇಲೆ 360° ಯನ್ನೂ ಲೆಕ್ಕಕ್ಕೆ ಸೇರಿಸಬೇಡಿ, ಒಂದೇ ಬಿಂದುವಿಗೆ ಎರಡು ಪಾಲು ತೂಕ ಕೊಟ್ಟಂತಾಗುತ್ತದೆ. ಈ ತಪ್ಪು ವಿದ್ಯಾರ್ಥಿಗಳ ಪ್ರೋಗ್ರಾಮುಗಳಲ್ಲಿ ಬಹಳ ಸಾಮಾನ್ಯ.

ಲೆಕ್ಕ ಸರಳ: ಎಲ್ಲ ತೀವ್ರತೆಗಳ ಮೊತ್ತವನ್ನು 2ರಿಂದ ಗುಣಿಸಿ 100ರಿಂದ ಭಾಗಿಸಿದರೆ ಎ. ತೀವ್ರತೆಗಳನ್ನು ಸೈನ್ 2ಥೀಟಾದಿಂದ ಗುಣಿಸಿ ಕೂಡಿಸಿ, 4ರಿಂದ ಗುಣಿಸಿ 100ರಿಂದ ಭಾಗಿಸಿದರೆ ಬಿ. ಸಿ ಮತ್ತು ಡಿ ಕೂಡ ಹೀಗೆಯೇ. ಇಲ್ಲಿಗೆ ನಿಲ್ಲಬೇಡಿ. ಸೂತ್ರದಲ್ಲಿ ಇಲ್ಲದ ಪದಗಳನ್ನೂ ಇದೇ ರೀತಿ ಲೆಕ್ಕ ಹಾಕಿ. ಅವು ಸೊನ್ನೆಯಾಗಬೇಕು, ಆಗದಿದ್ದರೆ ಕಾರಣ ಇರುತ್ತದೆ.

1ಥೀಟಾ ಪದ ಕಂಡರೆ ಕಿರಣ ಡಿಟೆಕ್ಟರಿನ ಮೇಲೆ ಅಲೆದಾಡುತ್ತಿದೆ. ಪ್ಲೇಟಿನ ಎರಡು ಮುಖಗಳು ಪೂರ್ತಿ ಸಮಾಂತರವಲ್ಲದಿದ್ದರೆ, ಪ್ಲೇಟ್ ತಿರುಗಿದಂತೆ ಕಿರಣವೂ ಒಂದು ಪುಟ್ಟ ವೃತ್ತ ಬರೆಯುತ್ತದೆ. ಒಂದು ಆರ್ಕ್‌ಮಿನಿಟ್ ಓರೆಗೆ 30 ಸೆಂ.ಮೀ. ದೂರದಲ್ಲಿ ಕಿರಣ ಸುಮಾರು 45 ಮೈಕ್ರಾನ್ ಸರಿಯುತ್ತದೆ. ಡಯೋಡಿನ ಮೇಲ್ಮೈ ಎಲ್ಲ ಕಡೆ ಸಮಾನ ಸಂವೇದನೆಯದಲ್ಲ, ಅದರ ಮೇಲಿನ ಒಂದು ಧೂಳಿನ ಕಣವೂ ಲೆಕ್ಕಕ್ಕೆ ಬರುತ್ತದೆ. ಡಿಟೆಕ್ಟರಿನ ಮುಂದೆ, ಅನಲೈಸರಿನ ನಂತರ, ಒಂದು ಲೆನ್ಸ್ ಇಟ್ಟು ಪ್ಲೇಟಿನ ಬಿಂಬವನ್ನೇ ಡಯೋಡಿನ ಮೇಲೆ ಮೂಡಿಸಿದರೆ ಅಲೆದಾಟ ನಿಲ್ಲುತ್ತದೆ. ಮಂಜುಗಾಜಿನ ಡಿಫ್ಯೂಸರ್ ಕೂಡ ಆದೀತು, ಆದರೆ ಲೇಸರಿನ ಚುಕ್ಕೆಚುಕ್ಕೆ ಮಾದರಿ ಏಳುವುದರಿಂದ ನನಗೆ ಲೆನ್ಸೇ ಮೇಲು ಅನಿಸುತ್ತದೆ.

ಕಾಸ್ 2ಥೀಟಾ ಪದದ್ದು ಎರಡು ಅರ್ಥ. ವೃತ್ತಾಕಾರದ ಬೆಳಕಿನಲ್ಲಿ ಮಾತ್ರ ಕಂಡರೆ ಪ್ಲೇಟಿನ ಸೊನ್ನೆ ಇನ್ನೂ ಜಾರಿದೆ. ರೇಖೀಯ ಬೆಳಕಿನಲ್ಲೂ ಉಳಿದರೆ ಪ್ಲೇಟಿನ ಎರಡು ಅಕ್ಷಗಳ ಮೂಲಕ ಹಾಯುವ ಬೆಳಕು ಸಮನಾಗಿಲ್ಲ, ಅಥವಾ ತಿರುಗುವ ಅಕ್ಷ ಕಿರಣಕ್ಕೆ ಓರೆಯಾಗಿದೆ. ಲೇಪನವಿಲ್ಲದ ಪ್ಲೇಟಿನ ಎರಡು ಮುಖಗಳ ನಡುವೆ ಲೇಸರ್ ಬೆಳಕು ಹಿಂದೆ ಮುಂದೆ ಪ್ರತಿಫಲಿಸಿ ಸೇರುತ್ತದೆ. ಪ್ರತಿ ಮುಖದಲ್ಲಿ 4% ಪ್ರತಿಫಲನವಿದ್ದರೆ ಹಾಯುವ ಬೆಳಕು 85% ರಿಂದ 100% ತನಕ ಎಲ್ಲಿ ಬೇಕಾದರೂ ಇರಬಹುದು, ಎರಡು ಅಕ್ಷಗಳಿಗೆ ಬೇರೆಬೇರೆಯಾಗಿ. ಅದರ ಫಲವಾಗಿ 45° ಬೆಳಕಿನಲ್ಲಿ ಇಲ್ಲದ ಎಸ್3 ಕಾಣಿಸಿಕೊಳ್ಳುತ್ತದೆ. 632.8ಕ್ಕೆ ಪ್ರತಿಫಲನ ನಿರೋಧಕ ಲೇಪನವಿರುವ ಪ್ಲೇಟಿನಲ್ಲಿ ಈ ಏರಿಳಿತ 1% ಆಸುಪಾಸಿಗೆ ಇಳಿಯುತ್ತದೆ. ಹೊಸದು ಕೊಳ್ಳುವಾಗ ಲೇಪನವಿದೆಯೇ ಎಂದು ಮೊದಲು ಕೇಳಿ.

ಓರೆಯನ್ನು ನೋಡಲು ಪ್ಲೇಟಿನಿಂದ ಹಿಂದಕ್ಕೆ ಪ್ರತಿಫಲಿಸುವ ಚುಕ್ಕೆಯನ್ನು ಗಮನಿಸಿ. ಪ್ಲೇಟ್ ತಿರುಗುವಾಗ ಅದು ನಿಂತಲ್ಲೇ ನಿಲ್ಲಬೇಕು. ಸುತ್ತುತ್ತಿದ್ದರೆ ಪ್ಲೇಟ್ ಮೌಂಟಿನಲ್ಲಿ ಓರೆಯಾಗಿ ಕೂತಿದೆ. ನಿಂತ ಮೇಲೆ ಇಡೀ ಮೌಂಟನ್ನು ತಿರುಗಿಸಿ ಚುಕ್ಕೆಯನ್ನು ಲೇಸರಿನ ಬಾಯಿಯ ಪಕ್ಕಕ್ಕೆ, ಅರ್ಧ ಮೀಟರ್ ದೂರದಲ್ಲಿ 1-2 ಮಿ.ಮೀ. ಬದಿಗೆ ತನ್ನಿ. ನೇರ ಬಾಯೊಳಕ್ಕೇ ಹಿಂದಿರುಗಿದರೆ ಲೇಸರ್ ಅಸ್ಥಿರವಾಗುತ್ತದೆ. ನಿಮ್ಮಂಥ ದಪ್ಪ ಪ್ಲೇಟಿನಲ್ಲಿ 1° ಓರೆ ಸುಮಾರು 0.3° ರಿಟಾರ್ಡೆನ್ಸ್ ಬದಲಿಸುತ್ತದೆ, 3° ಓರೆಗೆ ಅದು ಒಂಬತ್ತು ಪಟ್ಟಾಗುತ್ತದೆ.

8ಥೀಟಾ ಪದ ಕಂಡರೆ ಡಿಟೆಕ್ಟರ್ ರೇಖೀಯವಾಗಿಲ್ಲ. ಒಂದು ಎನ್‌ಡಿ ಫಿಲ್ಟರನ್ನು (ಬೆಳಕನ್ನು ಗೊತ್ತಾದ ಅನುಪಾತದಲ್ಲಿ ತಗ್ಗಿಸುವ ಗಾಜು) ತೀವ್ರ ಬೆಳಕಿನಲ್ಲೂ ಮಂದ ಬೆಳಕಿನಲ್ಲೂ ಹಾಕಿ ತೆಗೆದು ನೋಡಿ. ಹಾಕಿದ ಮತ್ತು ತೆಗೆದ ಸಂಕೇತಗಳ ಅನುಪಾತ ಎರಡೂ ಕಡೆ ಒಂದೇ ಬರಬೇಕು. ಬರದಿದ್ದರೆ ಡಯೋಡಿಗೆ ರಿವರ್ಸ್ ಬಯಾಸ್ ಕೊಡಿ ಅಥವಾ ಬೆಳಕನ್ನು ತಗ್ಗಿಸಿ.

ಪೋಲಾರಿಮೀಟರಿನ ಮುಂದೆ ಇರುವುದೆಲ್ಲ ಮಾದರಿಯ ಭಾಗ

ಉಪಕರಣ ಸರಿಯಿದ್ದೂ ಅಳತೆ ತಪ್ಪುವುದು ಇಲ್ಲಿ. ನಿಮ್ಮ ಮಾದರಿಗೂ ಪ್ಲೇಟಿಗೂ ನಡುವೆ ಒಂದು ಲೆನ್ಸ್, ಒಂದು ಕಿಟಕಿ ಗಾಜು, 45° ಕನ್ನಡಿ ಏನೇ ಇದ್ದರೂ ಅದು ಧ್ರುವೀಕರಣವನ್ನು ಬದಲಿಸುತ್ತದೆ. ಬಿಕೆ7 ಗಾಜಿನ 10 ಮಿ.ಮೀ. ದಪ್ಪದಲ್ಲಿ 1 ಮೆಗಾಪಾಸ್ಕಲ್ ಒತ್ತಡವಿದ್ದರೆ ಸುಮಾರು 28 ನ್ಯಾನೊಮೀಟರ್ ಹಿನ್ನಡೆ, ಅಂದರೆ ಈ ತರಂಗಾಂತರದಲ್ಲಿ 16° ರಿಟಾರ್ಡೆನ್ಸ್ ಹುಟ್ಟುತ್ತದೆ. ಲೆನ್ಸ್ ಹಿಡಿಯುವ ಪಕ್ಕದ ತಿರುಪನ್ನು ಬಿಗಿಯಾಗಿ ಕಟ್ಟಿದರೆ ಗಾಜಿನೊಳಗೆ ಇಂಥ ಒತ್ತಡ ಏಳುತ್ತದೆ. ಎರಡು ಅಡ್ಡ ಪೋಲರೈಸರುಗಳ ನಡುವೆ ಲೆನ್ಸನ್ನಿಟ್ಟು ತಿರುಪನ್ನು ಬಿಗಿಮಾಡುತ್ತ ನೋಡಿ, ಬೆಳಕು ಸೋರುವುದು ಕಣ್ಣಿಗೇ ಕಾಣುತ್ತದೆ. ತಿರುಪನ್ನು ಗಾಜು ಅಲ್ಲಾಡದಷ್ಟು ಮಾತ್ರ ಬಿಗಿಮಾಡಿ, ಸಾಧ್ಯವಾದರೆ ಉಂಗುರದಿಂದ ಹಿಡಿಸಿ. ಕನ್ನಡಿ ಬೇಕೇ ಬೇಕಾದರೆ ಮಾದರಿಗಿಂತ ಮೊದಲು, ಎದುರಿನ ಪೋಲರೈಸರಿಗಿಂತಲೂ ಮೊದಲು ಇಡಿ.

ಲೇಸರಿನ ಬಗ್ಗೆಯೂ ಒಂದು ಎಚ್ಚರಿಕೆ. ಧ್ರುವೀಕರಿಸದ ಹೀಲಿಯಂ-ನಿಯಾನ್ ಎಂದು ಮಾರುವ ಕೊಳವೆಯೊಳಗೆ ನಿಜಕ್ಕೂ ಒಂದಕ್ಕೊಂದು ಲಂಬವಾಗಿ ಧ್ರುವೀಕರಿಸಿದ ಮೋಡುಗಳು (ತುಸು ಬೇರೆಬೇರೆ ಆವರ್ತನದ ಅಲೆಗಳು) ಇರುತ್ತವೆ. ಕೊಳವೆ ಬಿಸಿಯಾಗುತ್ತಾ ಹೋದಂತೆ ಅವುಗಳ ನಡುವೆ ಶಕ್ತಿ ಹಂಚಿಕೆ ಬದಲಾಗುತ್ತಿರುತ್ತದೆ. ಮುಂದೆ ಪೋಲರೈಸರ್ ಇಟ್ಟೊಡನೆ ಆ ಬದಲಾವಣೆ ತೀವ್ರತೆಯ ಏರಿಳಿತವಾಗುತ್ತದೆ, ನೂರು ಕೋನಗಳನ್ನು ಅಳೆಯುವಷ್ಟರಲ್ಲಿ ಸುತ್ತಿನ ಮೊದಲೂ ಕೊನೆಯೂ ಹೊಂದುವುದಿಲ್ಲ. ರೇಖೀಯವಾಗಿ ಧ್ರುವೀಕರಿಸಿದ ಕೊಳವೆ ಬಳಸಿ, ಹೊತ್ತಿಸಿ ಕನಿಷ್ಠ ಅರ್ಧ ಗಂಟೆ ಬಿಡಿ. ಎದುರಿನ ಪೋಲರೈಸರನ್ನು ನಾಲ್ಕು ಕೋನಕ್ಕೂ ತಿರುಗಿಸುವಾಗ ಬೆಳಕು ಒಂದು ಕೋನದಲ್ಲಿ ಸತ್ತುಹೋಗದಂತೆ ಅದಕ್ಕಿಂತ ಮೊದಲು, ಲೇಸರಿನ ಕಡೆ, ಇನ್ನೊಂದು ಕ್ವಾರ್ಟರ್ ವೇವ್ ಪ್ಲೇಟ್ ಇಟ್ಟು ವೃತ್ತಾಕಾರ ಮಾಡಿಕೊಳ್ಳಿ.

ಮಂದ ಬೆಳಕಿನಲ್ಲಿ, ಅಥವಾ ಧ್ರುವೀಕರಣವೇ ಬಹಳ ಕಡಿಮೆ ಇರುವಾಗ, ಪ್ರಮಾಣ ಯಾವಾಗಲೂ ಇರಬೇಕಾದ್ದಕ್ಕಿಂತ ಹೆಚ್ಚಾಗಿ ಬರುತ್ತದೆ. ಎಸ್1, ಎಸ್2, ಎಸ್3ರ ವರ್ಗಗಳನ್ನು ಕೂಡಿಸುವಾಗ ಗದ್ದಲದ ವರ್ಗವೂ ಸೇರುತ್ತದೆ, ಅದು ಎಂದೂ ಋಣವಾಗುವುದಿಲ್ಲ. ಅಂಥ ಕಡೆ ಎಸ್1, ಎಸ್2, ಎಸ್3 ಗಳನ್ನು ಬೇರೆಬೇರೆಯಾಗಿ ಹಲವು ಸುತ್ತು ಸರಾಸರಿ ಮಾಡಿ, ಕೊನೆಯಲ್ಲಿ ಒಮ್ಮೆ ಮಾತ್ರ ಪ್ರಮಾಣ ಲೆಕ್ಕಹಾಕಿ. ಪ್ರತಿ ಸುತ್ತಿನ ಪ್ರಮಾಣಗಳನ್ನು ಸರಾಸರಿ ಮಾಡಬಾರದು.

ಕೊನೆಗೆ, ಪ್ಲೇಟ್ ಕೊಳ್ಳಬೇಕೇ?

ಮೇಲಿನ ನಾಲ್ಕು ಹಂತ ಮುಗಿಸಿದರೆ ಈಗಿರುವ ಪ್ಲೇಟಿನಿಂದಲೇ ನಾಲ್ಕೂ ಕೋನದಲ್ಲಿ ಪ್ರಮಾಣ 0.99 ರಿಂದ 1.01ರೊಳಗೆ, ಕೋನ 0.2° ಒಳಗೆ ಬರಬೇಕು. ಎಂ.ಎಸ್ಸಿ. ಪ್ರಯೋಗಕ್ಕೆ ಇದು ಧಾರಾಳ ಸಾಕು. ದಿನವಿಡೀ ಮತ್ತೆಮತ್ತೆ 0° ಸುತ್ತು ಹಾಕದೆ ಅಳೆಯಬೇಕೆಂದಿದ್ದರೆ ಝೀರೊ-ಆರ್ಡರ್ ಪ್ಲೇಟ್ ಕೊಳ್ಳಿ. ಎರಡು ಕ್ವಾರ್ಟ್ಜ್ ಹಲ್ಲೆಗಳನ್ನು ಅಕ್ಷ ಅಡ್ಡವಾಗಿ ಜೋಡಿಸಿ, ಒಂದರ ಹಿನ್ನಡೆಯಿಂದ ಇನ್ನೊಂದರದ್ದು ಕಳೆದು ಕಾಲು ತರಂಗ ಮಾತ್ರ ಉಳಿಯುವಂತೆ ಮಾಡಿರುತ್ತಾರೆ. ಅದರಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ರಿಟಾರ್ಡೆನ್ಸ್ 0.01° ಮಾತ್ರ ಬದಲಾಗುತ್ತದೆ, 1 ನ್ಯಾನೊಮೀಟರಿಗೆ 0.14°. ಕೊಂಡ ಮೇಲೂ ಅದರ ಡೆಲ್ಟಾವನ್ನು ಅಳೆದೇ ಬಳಸಿ, ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನಲ್ಲ.

ಹಲವು ತರಂಗಾಂತರಗಳಲ್ಲಿ ಅಳೆಯುವ ಯೋಜನೆ ಇದ್ದರೆ ಝೀರೊ-ಆರ್ಡರ್ ಕೂಡ ಸಾಲದು, ಅಕ್ರೊಮ್ಯಾಟಿಕ್ ಪ್ಲೇಟ್ (ತರಂಗಾಂತರ ಬದಲಾದರೂ ರಿಟಾರ್ಡೆನ್ಸ್ ಹೆಚ್ಚು ಬದಲಾಗದ್ದು) ಬೇಕು. ಒಂದೇ ವಸ್ತುವಿನ ಮೂರು ಹಲ್ಲೆಗಳನ್ನು, ಹೊರಗಿನ ಎರಡರ ಅಕ್ಷ ಸಮಾಂತರವಾಗಿರುವಂತೆ, ಗೊತ್ತಾದ ಕೋನದಲ್ಲಿ ಜೋಡಿಸಿ ಇದನ್ನು ಸಾಧಿಸುವ ಬಗೆಯನ್ನು ಭೌತವಿಜ್ಞಾನಿ ಎಸ್. ಪಂಚರತ್ನಂ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ 1955ರಲ್ಲಿ ತೋರಿಸಿಕೊಟ್ಟರು; ಇಂದಿಗೂ ಖಗೋಳ ಪೋಲಾರಿಮೀಟರುಗಳಲ್ಲಿ ಅದೇ ತತ್ವದ ಪ್ಲೇಟುಗಳಿವೆ. ಅಂಥ ಜೋಡಣೆಯಲ್ಲಿ ರಿಟಾರ್ಡೆನ್ಸ್ ಹೆಚ್ಚುಕಡಿಮೆ ಸ್ಥಿರವಾಗಿದ್ದರೂ ಅಕ್ಷದ ದಿಕ್ಕು ತರಂಗಾಂತರದೊಡನೆ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಸೊನ್ನೆಯ ತಿದ್ದುಪಡಿಯನ್ನು ಪ್ರತಿ ತರಂಗಾಂತರಕ್ಕೂ ಬೇರೆಯಾಗಿ ಅಳೆಯಬೇಕು.

ಇನ್ನೊಂದು ಆಯ್ಕೆಯೂ ಇದೆ. ಹೇಗಿದ್ದರೂ ಡೆಲ್ಟಾವನ್ನು ಅಳೆದು ಸೂತ್ರಕ್ಕೆ ಹಾಕುತ್ತೀರಿ ಎಂದ ಮೇಲೆ ಪ್ಲೇಟ್ ಕಾಲು ತರಂಗದ್ದೇ ಆಗಬೇಕೆಂಬ ನಿಯಮವಿಲ್ಲ. ಡಿಟೆಕ್ಟರಿನ ಗದ್ದಲ ಸ್ಟೋಕ್ಸ್ ಸಂಖ್ಯೆಗಳಿಗೆ ಅತಿ ಕಡಿಮೆ ಹರಡುವುದು ರಿಟಾರ್ಡೆನ್ಸ್ ಸುಮಾರು 132° ಇದ್ದಾಗ. ಆ ಪ್ಲೇಟನ್ನು ±15.1° ಮತ್ತು ±51.7° ಎಂಬ ನಾಲ್ಕೇ ಕೋನಗಳಲ್ಲಿ ನಿಲ್ಲಿಸಿ ಅಳೆದರೆ ಎಸ್1, ಎಸ್2, ಎಸ್3 ಮೂರಕ್ಕೂ ಗದ್ದಲ ಸಮನಾಗಿ ಹಂಚಿಕೆಯಾಗುತ್ತದೆ. ಬೇಗ ಬದಲಾಗುವ ಮಾದರಿಗಳಿಗೆ ಇದು ಒಳ್ಳೆಯದು. ಆದರೆ ನಾಲ್ಕೇ ಕೋನಗಳ ಅಳತೆಯಲ್ಲಿ ದೋಷದ ಗುರುತು ಕಾಣುವುದಿಲ್ಲವಾದ್ದರಿಂದ, ಆಗಲೂ ದಿನದ ಆರಂಭದಲ್ಲಿ ನೂರು ಕೋನಗಳ ಒಂದು ಪೂರ್ಣ ಸುತ್ತು ಹಾಕಿ 1ಥೀಟಾ, 2ಥೀಟಾ, 8ಥೀಟಾ ಪದಗಳನ್ನು ನೋಡಿಕೊಳ್ಳಿ.